ಸಲಹೆ ಕೊಡದ ಕೌನ್ಸೆಲರ್: ಕಾರ್ಲ್ ರೋಜರ್ಸ್ ಬದುಕು ಮತ್ತು ಮಾತಿನ ಚಿಕಿತ್ಸೆಯ ಬೆಸುಗೆ

ಕೌನ್ಸೆಲಿಂಗ್ ಅಂದರೆ ದುಡ್ಡು ಕೊಟ್ಟು ಬುದ್ಧಿವಾದ ಹೇಳಿಸಿಕೊಳ್ಳುವುದು, ಅದನ್ನು ಮನೆಯ ಹಿರಿಯರೇ ಪುಕ್ಕಟೆಯಾಗಿ ಮಾಡುತ್ತಾರೆ. ಇಂಥದ್ದೊಂದು ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಮಾತೂ ಓಡಾಡುತ್ತದೆ: ಕೌನ್ಸೆಲರ್ ಏನೂ ಮಾಡುವುದಿಲ್ಲ, ನಾವು ಹೇಳಿದ್ದನ್ನೇ ಗಿಳಿಯ ಹಾಗೆ ನಮಗೇ ತಿರುಗಿ ಹೇಳಿ ಫೀಸು ತೆಗೆದುಕೊಳ್ಳುತ್ತಾರೆ. ಈಚೆಗೆ ಮೂರನೆಯದೂ ಸೇರಿದೆ: ಮೊಬೈಲಿನಲ್ಲೇ ಚಾಟ್‌ಬಾಟ್ ಇರುವಾಗ ಕೌನ್ಸೆಲರ್ ಯಾಕೆ ಬೇಕು?

ವಿಚಿತ್ರವೆಂದರೆ, ಈ ಮೂರೂ ಮಾತುಗಳನ್ನು ಬಿಡಿಸಲು ಒಬ್ಬರ ಜೀವನಕಥೆ ಸಾಕು. ಅವರ ಹೆಸರು ಕಾರ್ಲ್ ರೋಜರ್ಸ್. ಅಮೆರಿಕದ ಮನಶ್ಶಾಸ್ತ್ರಜ್ಞ. ಹುಟ್ಟಿದ್ದು 1902ರಲ್ಲಿ, ತೀರಿಕೊಂಡಿದ್ದು 1987ರಲ್ಲಿ. ನಾನು ಅವರ ಹೆಸರನ್ನು ಮೊದಲು ಓದಿದ್ದು ಮನಶ್ಶಾಸ್ತ್ರದ ಪುಸ್ತಕದಲ್ಲಲ್ಲ, ಸಂವಹನದ ಎಂ.ಎ. ತರಗತಿಯಲ್ಲಿ. ಇಂದು ಕಂಪನಿಗಳ ಟ್ರೈನಿಂಗ್‌ಗಳಲ್ಲಿ ಸಕ್ರಿಯ ಆಲಿಸುವಿಕೆ ಎಂದು ಕಲಿಸುತ್ತಾರಲ್ಲ, ಆ ಹೆಸರಿನ ಪುಟ್ಟ ಪುಸ್ತಿಕೆಯನ್ನು ರೋಜರ್ಸ್ ತಮ್ಮ ಸಹೋದ್ಯೋಗಿ ರಿಚರ್ಡ್ ಫಾರ್ಸನ್ ಜೊತೆ 1957ರಲ್ಲಿ ಬರೆದಿದ್ದರು. ಆದರೆ ಅವರ ಬದುಕಿನ ಮುಖ್ಯ ಪ್ರಶ್ನೆ ಬೇರೆಯೇ ಇತ್ತು. ಮನಸ್ಸಿಗೆ ಚಿಕಿತ್ಸೆ ಕೊಡುವವರಲ್ಲಿ ಹತ್ತಾರು ಪಂಥಗಳಿವೆ, ಒಬ್ಬರದು ಇನ್ನೊಬ್ಬರಿಗೆ ಆಗುವುದಿಲ್ಲ. ಹಾಗಿದ್ದೂ ಎಲ್ಲ ಪಂಥಗಳಲ್ಲೂ ಕೆಲವರು ಗುಣವಾಗುತ್ತಾರೆ, ಕೆಲವರು ಆಗುವುದಿಲ್ಲ. ಹಾಗಾದರೆ ನಿಜವಾಗಿ ಗುಣಪಡಿಸುವುದು ಯಾವುದು?

ಹೊಲದಲ್ಲಿ ಕಲಿತ ವಿಜ್ಞಾನ

ಶಿಕಾಗೋ ನಗರದ ಪಕ್ಕದ ಓಕ್ ಪಾರ್ಕ್‌ನಲ್ಲಿ ಆರು ಮಕ್ಕಳ ಪೈಕಿ ನಾಲ್ಕನೆಯವರಾಗಿ ರೋಜರ್ಸ್ ಹುಟ್ಟಿದರು. ತಂದೆ ಸಿವಿಲ್ ಎಂಜಿನಿಯರ್, ಕಟ್ಟಡ ಕಾಮಗಾರಿಯಲ್ಲಿ ಅನುಕೂಲ ಮಾಡಿಕೊಂಡಿದ್ದವರು. ಮನೆಯಲ್ಲಿ ಕಟ್ಟುನಿಟ್ಟಿನ ಪ್ರೊಟೆಸ್ಟೆಂಟ್ ಶಿಸ್ತು. ಕುಡಿತ, ಇಸ್ಪೀಟು, ನೃತ್ಯ, ನಾಟಕ ಎಲ್ಲಕ್ಕೂ ನಿಷೇಧ. ಹೊರಗಿನವರ ಜೊತೆ ಹೆಚ್ಚು ಬೆರೆಯುವ ಪದ್ಧತಿಯೂ ಇರಲಿಲ್ಲ. ರೋಜರ್ಸ್‌ಗೆ 12 ವರ್ಷವಾದಾಗ ಕುಟುಂಬ ಊರಾಚೆಯ ಫಾರ್ಮ್‌ಗೆ ಹೋಯಿತು.

ಒಂಟಿ ಹುಡುಗನಿಗೆ ಆ ಹೊಲವೇ ಶಾಲೆಯಾಯಿತು. ಕಾಡಿನಿಂದ ದೊಡ್ಡ ಪತಂಗಗಳನ್ನು ತಂದು ಸಾಕಿದರು. ದನಕರುಗಳ ಮೇವಿನ ಬಗ್ಗೆ ಇದ್ದ ದಪ್ಪನೆಯ ಕೃಷಿ ವಿಜ್ಞಾನದ ಪುಸ್ತಕವನ್ನು ಓದಿದರು. ಒಂದು ಮೇವು ಒಳ್ಳೆಯದೋ ಅಲ್ಲವೋ ಎಂದು ತಿಳಿಯಬೇಕಾದರೆ ಒಂದು ಗುಂಪಿನ ಹಸುಗಳಿಗೆ ಅದನ್ನು ಕೊಟ್ಟು, ಅಂಥದ್ದೇ ಇನ್ನೊಂದು ಗುಂಪಿಗೆ ಕೊಡದೆ, ಎರಡನ್ನೂ ಹೋಲಿಸಬೇಕು ಎಂಬುದು ಅವರಿಗೆ ಗೊತ್ತಾಗಿದ್ದು ಆ ಪುಸ್ತಕದಿಂದ. ಹಸುವಿನ ಮೇವಿಗೆ ಅನ್ವಯವಾಗುವ ಈ ನಿಯಮವನ್ನು ಮುಂದೆ ಅವರು ಮಾತಿನ ಚಿಕಿತ್ಸೆಗೂ ತಂದರು. ಅದಿಲ್ಲದಿದ್ದರೆ ಅವರ ಕಥೆಯನ್ನು ವಿಜ್ಞಾನದ ವೆಬ್‌ಸೈಟಿನಲ್ಲಿ ಹೇಳುವ ಅಗತ್ಯವೇ ಇರುತ್ತಿರಲಿಲ್ಲ.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕೃಷಿ ಓದಲು ಸೇರಿದರು. ನಂತರ ಧರ್ಮಬೋಧಕನಾಗುವ ಯೋಚನೆ ಬಂದು ಇತಿಹಾಸಕ್ಕೆ ಬದಲಾಯಿಸಿದರು. 1922ರಲ್ಲಿ ವಿದ್ಯಾರ್ಥಿ ಕ್ರೈಸ್ತ ಸಂಘಟನೆಯ ಸಮ್ಮೇಳನಕ್ಕೆ ಪೀಕಿಂಗ್‌ಗೆ ಹೋಗಿ, ಆರು ತಿಂಗಳಿಗೂ ಹೆಚ್ಚು ಕಾಲ ಪ್ರವಾಸ ಮಾಡಿದರು. ಬೇರೆ ಬೇರೆ ನಂಬಿಕೆಯ ಒಳ್ಳೆಯ ಜನರನ್ನು ಕಂಡ ಮೇಲೆ ಮನೆಯಲ್ಲಿ ಕಲಿತ ಬಿಗಿಯಾದ ನಂಬಿಕೆ ಸಡಿಲವಾಯಿತು. 1924ರಲ್ಲಿ ಬಾಲ್ಯದ ಗೆಳತಿ ಹೆಲೆನ್ ಎಲಿಯಟ್ ಅವರನ್ನು ಮದುವೆಯಾಗಿ, ನ್ಯೂಯಾರ್ಕ್‌ನ ಯೂನಿಯನ್ ಥಿಯಾಲಾಜಿಕಲ್ ಸೆಮಿನರಿ ಸೇರಿದರು. ಎರಡು ವರ್ಷದೊಳಗೆ, ಎದುರು ರಸ್ತೆಯಲ್ಲೇ ಇದ್ದ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿಗೆ ನಡೆದುಬಿಟ್ಟರು. ಒಂದೇ ನಂಬಿಕೆಗೆ ಬದ್ಧನಾಗಿರಬೇಕಾದ ಕೆಲಸ ತನ್ನದಲ್ಲ ಎಂದು ಅವರಿಗೆ ಅನಿಸಿತ್ತು.

ಒಂದೇ ಊರು, ಎರಡು ಪಾಠ

ಟೀಚರ್ಸ್ ಕಾಲೇಜಿನಲ್ಲಿ ಎಲ್ಲವೂ ಅಳತೆ. ಪರೀಕ್ಷೆಗಳು, ಅಂಕಿಸಂಖ್ಯೆ, ಎಡ್ವರ್ಡ್ ಥಾರ್ನ್‌ಡೈಕ್ ಅವರಂಥ ಪ್ರಯೋಗವಾದಿಗಳ ಪ್ರಭಾವ. ಭಾವನೆಗಳ ಬಗ್ಗೆ ಬಹಳ ಮಾತಾಡುವುದು ವೈಜ್ಞಾನಿಕವಲ್ಲ ಎಂಬ ಧೋರಣೆ. 1927ರಲ್ಲಿ ರೋಜರ್ಸ್ ತರಬೇತಿಗೆ ಸೇರಿದ್ದು ಅದೇ ನಗರದ ಮಕ್ಕಳ ಮಾರ್ಗದರ್ಶನ ಸಂಸ್ಥೆಗೆ. ಅಲ್ಲಿ ವಾತಾವರಣವೇ ಬೇರೆ. ಫ್ರಾಯ್ಡ್ ವಿಚಾರಗಳದ್ದೇ ಮಾತು. ಪ್ರತಿ ಮಗುವಿನ ಹಿನ್ನೆಲೆಯನ್ನು ಪುಟಗಟ್ಟಲೆ ಬರೆಯಬೇಕು. ಹೀಗಿರುವಾಗಲೇ ವಿಯೆನ್ನಾದಿಂದ ಬಂದ ಆಲ್ಫ್ರೆಡ್ ಆ್ಯಡ್ಲರ್ ಉಪನ್ಯಾಸ ಕೊಟ್ಟು, ಅಷ್ಟುದ್ದದ ಕೇಸ್ ಹಿಸ್ಟರಿ ಅನಗತ್ಯ ಎಂದು ಹೇಳಿಹೋದರು. ಅದು ಅಲ್ಲಿಯ ತರಬೇತಿ ಪಡೆದವರಿಗೆ ಆಘಾತವೇ ಆಗಿತ್ತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಒಬ್ಬ ವಿದ್ಯಾರ್ಥಿ ಬೆಳಗ್ಗೆ ಒಂದು ಕಡೆ ಕಲಿತದ್ದನ್ನು ಸಂಜೆ ಇನ್ನೊಂದು ಕಡೆ ತಪ್ಪು ಎನ್ನುತ್ತಾರೆ. ಎರಡೂ ಕಡೆಯವರು ತಮ್ಮದೇ ಸರಿ ಎನ್ನುತ್ತಾರೆ. ಮಾತಿನ ಚಿಕಿತ್ಸೆಯಲ್ಲಿ ತರಬೇತಿ ಪಡೆಯುವವರ ಗೊಂದಲ ಇದು, ಅಂದಿಗೂ ಇಂದಿಗೂ. ಸುಲಭದ ದಾರಿಯೆಂದರೆ ಒಂದು ಪಂಥಕ್ಕೆ ಶರಣಾಗಿ ಇನ್ನೊಂದನ್ನು ಬೈಯುವುದು. ರೋಜರ್ಸ್ ಎರಡರಿಂದಲೂ ಒಂದೊಂದನ್ನು ಇಟ್ಟುಕೊಂಡರು: ಒಬ್ಬ ಮನುಷ್ಯನ ಒಳಗನ್ನು ಆಳವಾಗಿ ಅರಿಯುವ ಆಸೆಯನ್ನು ಒಂದು ಕಡೆಯಿಂದ, ಅಳೆದು ನೋಡದೆ ನಂಬಬಾರದೆಂಬ ಶಿಸ್ತನ್ನು ಇನ್ನೊಂದು ಕಡೆಯಿಂದ.

ಬಾಗಿಲ ಬಳಿ ತಿರುಗಿ ನಿಂತ ತಾಯಿ

1928ರಲ್ಲಿ ವರ್ಷಕ್ಕೆ 2,900 ಡಾಲರ್ ಸಂಬಳಕ್ಕೆ ರಾಚೆಸ್ಟರ್ ನಗರದ ಮಕ್ಕಳ ರಕ್ಷಣಾ ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಸೇರಿದರು. ನ್ಯಾಯಾಲಯಗಳು ಮತ್ತು ಸಮಾಜ ಸೇವಾ ಸಂಸ್ಥೆಗಳು ಕಳಿಸುತ್ತಿದ್ದ ತುಂಟ, ತಪ್ಪು ಮಾಡಿದ, ತಬ್ಬಲಿಯಾದ ಮಕ್ಕಳು ಅಲ್ಲಿಗೆ ಬರುತ್ತಿದ್ದರು. ಅಲ್ಲಿ 12 ವರ್ಷ ಕಳೆದರು. ದೊಡ್ಡ ಸಿದ್ಧಾಂತಗಳು ಅಲ್ಲಿ ಒಂದೊಂದಾಗಿ ಪೆಟ್ಟು ತಿಂದವು.

ಬೆಂಕಿ ಹಚ್ಚುವ ಚಟವಿದ್ದ ಒಬ್ಬ ಹುಡುಗನ ಪ್ರಕರಣ ಅವರಿಗೆ ಬಂತು. ಇಂಥ ನಡತೆಯ ಬೇರು ಲೈಂಗಿಕ ತಳಮಳದಲ್ಲಿದೆ ಎಂದು ಆ ಕಾಲದ ಪ್ರಸಿದ್ಧ ತಜ್ಞರೊಬ್ಬರ ಸಿದ್ಧಾಂತವಿತ್ತು. ರೋಜರ್ಸ್ ದಿನದಿನವೂ ಹುಡುಗನ ಜೊತೆ ಮಾತಾಡಿ, ಪುಸ್ತಕದಲ್ಲಿದ್ದ ಹಾಗೆಯೇ ಬೇರನ್ನು ಹುಡುಕಿಕೊಟ್ಟರು. ಸಮಸ್ಯೆ ಬಗೆಹರಿಯಿತೆಂದು ಸಂತೋಷಪಟ್ಟರು. ಹುಡುಗ ಹೊರಗೆ ಹೋದ ಮೇಲೆ ಮತ್ತೆ ಅದೇ ತೊಂದರೆಗೆ ಸಿಕ್ಕಿಕೊಂಡ. ಗುರುಗಳು ಹೇಳಿದ್ದೂ ತಪ್ಪಿರಬಹುದು, ಹೊಸದಾಗಿ ಕಂಡುಕೊಳ್ಳಬೇಕಾದದ್ದು ಇನ್ನೂ ಇದೆ ಎಂಬುದು ಅವರಿಗೆ ಅರಿವಾಯಿತು.

ಇನ್ನೊಂದು ಪ್ರಕರಣ ಒಬ್ಬ ತಾಯಿಯದು. ಮಗ ಕೈಗೆ ಸಿಗದಂತಾಗಿದ್ದ. ಆಕೆ ಮಗನನ್ನು ಚಿಕ್ಕಂದಿನಲ್ಲಿ ಒಳಗೊಳಗೇ ದೂರವಿಟ್ಟಿದ್ದೇ ಕಾರಣ ಎಂದು ರೋಜರ್ಸ್‌ಗೆ ಖಚಿತವಾಗಿತ್ತು. ಹಲವಾರು ಭೇಟಿಗಳಲ್ಲಿ ನಯವಾಗಿ, ತಾಳ್ಮೆಯಿಂದ ಅದನ್ನು ಆಕೆಗೆ ಮನಗಾಣಿಸಲು ನೋಡಿದರು. ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ. ಕೊನೆಗೆ ತಮ್ಮ ಪ್ರಯತ್ನ ಫಲಿಸುತ್ತಿಲ್ಲ, ನಿಲ್ಲಿಸೋಣವೇ ಎಂದು ಕೇಳಿದರು. ಆಕೆಯೂ ಒಪ್ಪಿದರು. ಕೈಕುಲುಕಿ ಬಾಗಿಲವರೆಗೆ ಹೋದ ಆ ತಾಯಿ ತಿರುಗಿ, ಇಲ್ಲಿ ದೊಡ್ಡವರಿಗೂ ಕೌನ್ಸೆಲಿಂಗ್ ಮಾಡುತ್ತೀರಾ ಎಂದು ಕೇಳಿದರು. ಹೌದು ಎಂದಾಗ ವಾಪಸ್ ಬಂದು ಕೂತು, ತಮ್ಮ ಸಂಸಾರದ ಸಂಕಟ, ಗಂಡನ ಜೊತೆಗಿನ ಬಿರುಕು, ಸೋತೆನೆಂಬ ಭಾವನೆ ಎಲ್ಲವನ್ನೂ ಹೇಳಿಕೊಂಡರು. ಅಷ್ಟು ದಿನ ಬರೆಸಿಕೊಂಡಿದ್ದ ಕೇಸ್ ಹಿಸ್ಟರಿಗೂ ಈ ಮಾತಿಗೂ ಸಂಬಂಧವೇ ಇರಲಿಲ್ಲ. ನಿಜವಾದ ಚಿಕಿತ್ಸೆ ಶುರುವಾಗಿದ್ದು ಆಗ. ಆಕೆಯ ಸಂಸಾರವೂ ಸುಧಾರಿಸಿತು, ಮಗನೂ ಸುಧಾರಿಸಿದ.

ಎಲ್ಲಿ ನೋಯುತ್ತಿದೆ, ಮೊದಲು ಯಾವುದನ್ನು ಹೇಳಬೇಕು ಎಂಬುದು ಬಂದವರಿಗೇ ಗೊತ್ತಿರುತ್ತದೆ ಎಂಬ ತಿಳಿವಳಿಕೆ ಅವರಿಗೆ ಬಂದದ್ದು ಹೀಗೆ. ಫ್ರಾಯ್ಡ್ ಬಳಗದಿಂದ ಬೇರೆಯಾಗಿದ್ದ ಆಟೋ ರಾಂಕ್ ಅವರನ್ನು 1936ರಲ್ಲಿ ರಾಚೆಸ್ಟರ್‌ಗೆ ಕರೆಸಿ ಅವರ ವಿಚಾರಗಳನ್ನೂ ಕೇಳಿದರು. ರಾಂಕ್ ದಾರಿಯಲ್ಲಿ ತರಬೇತಿ ಪಡೆದ ಸಾಮಾಜಿಕ ಕಾರ್ಯಕರ್ತೆಯರಿಂದಲೂ ಕಲಿತರು. ಯಾರಿಂದ ಕಲಿತರೂ ಅದನ್ನು ಎದುರಿನ ಮಗುವಿನ, ತಾಯಿಯ ಮುಂದೆ ಇಟ್ಟು ಪರೀಕ್ಷಿಸಿದರು.

ಮಾತು ರೆಕಾರ್ಡ್ ಆದಾಗ

1940ರಲ್ಲಿ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಆ ವರ್ಷ ಡಿಸೆಂಬರ್ 11ರಂದು ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಒಂದು ಭಾಷಣ ಮಾಡಿದರು. ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, ಫಲಿತಾಂಶ ನೋಡಿ, ಮುಂದೇನು ಮಾಡಬೇಕೆಂದು ಸಲಹೆ ಹೇಳುವ ಕೌನ್ಸೆಲಿಂಗ್‌ಗೆ ಆ ವಿಶ್ವವಿದ್ಯಾಲಯ ಹೆಸರುವಾಸಿ. ಅಲ್ಲಿಯೇ ನಿಂತು, ಸಲಹೆ ಕೊಡುವ ಪದ್ಧತಿ ಹಳತಾಯಿತು ಎಂಬರ್ಥದ ಮಾತನ್ನು ಹೇಳಿದರು. ಸಭೆಯಲ್ಲಿ ಕೋಲಾಹಲವೇ ಆಯಿತು. ತಮ್ಮ ಚಿಕಿತ್ಸಾ ಪದ್ಧತಿ ಹುಟ್ಟಿದ್ದು ಅಂದೇ ಎಂದು ರೋಜರ್ಸ್ ಮುಂದೆ ನೆನೆಯುತ್ತಿದ್ದರು.

ಅದಕ್ಕಿಂತ ದೊಡ್ಡ ಕೆಲಸ ಅವರು ಮಾಡಿದ್ದು ಗ್ರಾಮೋಫೋನ್ ಪ್ಲೇಟುಗಳಿಂದ. ಆವರೆಗೆ ಚಿಕಿತ್ಸೆಯ ಕೋಣೆಯಲ್ಲಿ ಏನು ನಡೆಯುತ್ತದೆ ಎಂಬುದಕ್ಕೆ ಚಿಕಿತ್ಸಕನ ನೆನಪೇ ಸಾಕ್ಷಿ. ರೋಜರ್ಸ್ ಮತ್ತು ಅವರ ವಿದ್ಯಾರ್ಥಿಗಳು, ಮೈಕು ಇಟ್ಟು ಪ್ಲೇಟಿನ ಮೇಲೆ ಮಾತನ್ನು ರೆಕಾರ್ಡ್ ಮಾಡತೊಡಗಿದರು. ಪ್ಲೇಟಿನ ಒಂದು ಮುಖಕ್ಕೆ ಕೆಲವೇ ನಿಮಿಷದ ಮಾತು ಹಿಡಿಯುತ್ತಿದ್ದ ಕಾಲ. ಮತ್ತೆ ಮತ್ತೆ ಬದಲಾಯಿಸಬೇಕು, ಕೂತು ಪದಪದವನ್ನೂ ಬರೆದುಕೊಳ್ಳಬೇಕು. 1942ರಲ್ಲಿ ಬಂದ ಕೌನ್ಸೆಲಿಂಗ್ ಆ್ಯಂಡ್ ಸೈಕೋಥೆರಪಿ ಪುಸ್ತಕದಲ್ಲಿ, ಹೆಸರು ಬದಲಿಸಿದ ಒಬ್ಬ ವ್ಯಕ್ತಿಯ ಎಂಟು ಭೇಟಿಗಳ ಮಾತು ಪೂರ್ತಿಯಾಗಿ ಅಚ್ಚಾಯಿತು. ಹೀಗೆ ಒಂದು ಚಿಕಿತ್ಸೆಯನ್ನು ಮೊದಲಿಂದ ಕೊನೆವರೆಗೆ ಧ್ವನಿಮುದ್ರಣದಿಂದಲೇ ಬರೆದು ಪ್ರಕಟಿಸಿದ್ದು ಅದೇ ಮೊದಲು.

ತರಬೇತಿಯಲ್ಲಿ ಇದರಿಂದ ದೊಡ್ಡ ಬದಲಾವಣೆಯಾಯಿತು. ತಾನು ಬಹಳ ಚೆನ್ನಾಗಿ ಕೇಳಿಸಿಕೊಂಡೆ ಎಂದುಕೊಂಡಿದ್ದ ವಿದ್ಯಾರ್ಥಿ, ಪ್ಲೇಟು ಹಾಕಿದಾಗ ತನ್ನದೇ ಮಾತಿನ ಸುರಿಮಳೆ ಕೇಳಿ ಬೆಚ್ಚಿಬೀಳುತ್ತಿದ್ದ. ಸಲಹೆ ಕೊಡುವ ಪಂಥದ ಕೌನ್ಸೆಲರ್‌ಗಳು ಕೇಳುವ ಪಂಥದವರಿಗಿಂತ ಹಲವು ಪಟ್ಟು ಹೆಚ್ಚು ಮಾತಾಡುತ್ತಾರೆಂದು ಆ ರೆಕಾರ್ಡ್‌ಗಳ ಲೆಕ್ಕ ತೋರಿಸಿತು. ತನ್ನ ಕೆಲಸವನ್ನು ರೆಕಾರ್ಡ್ ಮಾಡಿ, ಹಿರಿಯರ ಮುಂದೆ ಕೇಳಿಸಿ ತಿದ್ದಿಕೊಳ್ಳುವ ಪದ್ಧತಿ ಇಂದು ಅನೇಕ ಪಂಥಗಳ ತರಬೇತಿಯಲ್ಲಿದೆ. ರೋಜರ್ಸ್ ಸಿದ್ಧಾಂತ ಒಪ್ಪದವರೂ ಇದನ್ನು ಒಪ್ಪಿದ್ದಾರೆ.

ಆ ಕಾಲದ ಅಮೆರಿಕದಲ್ಲಿ ಮನೋಚಿಕಿತ್ಸೆ ಡಾಕ್ಟರುಗಳ ಹಕ್ಕು, ಮನಶ್ಶಾಸ್ತ್ರಜ್ಞರು ಪರೀಕ್ಷೆ ಮಾಡಿ ವರದಿ ಕೊಟ್ಟರೆ ಸಾಕು ಎಂಬ ವಾದವಿತ್ತು. ರೋಜರ್ಸ್ ಅದರ ವಿರುದ್ಧ ಹೋರಾಡಿದರು. ಬಂದವರನ್ನು ರೋಗಿ ಎನ್ನದೆ ಕ್ಲೈಂಟ್ ಎಂದು ಕರೆದರು. ಈಗ ಎಲ್ಲ ಕಡೆ ಕೇಳುವ ಆ ಪದ ಬಳಕೆಗೆ ಬಂದದ್ದರಲ್ಲಿ ಅವರ ಪಾಲು ದೊಡ್ಡದು.

ಚಿಕಿತ್ಸಕನಿಗೇ ಚಿಕಿತ್ಸೆ ಬೇಕಾದಾಗ

1945ರಲ್ಲಿ ಶಿಕಾಗೋ ವಿಶ್ವವಿದ್ಯಾಲಯಕ್ಕೆ ಹೋಗಿ ಕೌನ್ಸೆಲಿಂಗ್ ಕೇಂದ್ರ ಕಟ್ಟಿದರು. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ ಎಪಿಎಗೆ ಅಧ್ಯಕ್ಷರಾದರು. ಹೆಸರು ಏರುತ್ತಿತ್ತು. ಆ ದಶಕದ ಕೊನೆಯ ಹೊತ್ತಿಗೆ, ತೀವ್ರ ಮಾನಸಿಕ ತೊಂದರೆಯಿದ್ದ ಒಬ್ಬ ಮಹಿಳೆಗೆ ಚಿಕಿತ್ಸೆ ಕೊಡುತ್ತಿದ್ದರು. ಆಕೆಯ ಸಂಕಟದಲ್ಲಿ ತಾವು ಎಲ್ಲಿ ಮುಗಿದು ಆಕೆ ಎಲ್ಲಿ ಶುರುವಾಗುತ್ತಾರೆ ಎಂಬುದೇ ರೋಜರ್ಸ್‌ಗೆ ತಿಳಿಯದಂತಾಯಿತು. ಒಂದು ದಿನ ಇನ್ನು ತಡೆಯಲಾರೆ ಎನಿಸಿ, ಆಕೆಯನ್ನು ಸಹೋದ್ಯೋಗಿಯೊಬ್ಬರಿಗೆ ಒಪ್ಪಿಸಿ, ಹೆಂಡತಿಯ ಜೊತೆ ಕಾರಿನಲ್ಲಿ ಊರು ಬಿಟ್ಟರು. ಎರಡು ಮೂರು ತಿಂಗಳು ಮರಳಲಿಲ್ಲ. ವಾಪಸ್ ಬಂದ ಮೇಲೂ ಮನಸ್ಸು ಸರಿಹೋಗದೆ, ತಾವೇ ಬೆಳೆಸಿದ್ದ ಕಿರಿಯ ಚಿಕಿತ್ಸಕರೊಬ್ಬರ ಮುಂದೆ ಕ್ಲೈಂಟ್ ಆಗಿ ಕೂತರು.

ಇದನ್ನು ಅವರು ಬಚ್ಚಿಡಲಿಲ್ಲ. ಮನಸ್ಸಿನ ಡಾಕ್ಟರಿಗೆ ಮನಸ್ಸು ಕೆಡುವುದಿಲ್ಲ ಎಂಬುದೂ ಒಂದು ತಪ್ಪು ಕಲ್ಪನೆಯೇ. ಚಿಕಿತ್ಸಕ ತನ್ನ ಮಿತಿ ಅರಿತು ಸಹಾಯ ಕೇಳದಿದ್ದರೆ ಅಪಾಯ ಅವನೊಬ್ಬನಿಗಲ್ಲ, ಎದುರು ಕೂತವರಿಗೂ ಇದೆ. ಅನೇಕ ತರಬೇತಿಗಳಲ್ಲಿ ಚಿಕಿತ್ಸಕನ ಸ್ವಂತ ಥೆರಪಿಗೆ ಜಾಗ ಇರುವುದು ಇದಕ್ಕಾಗಿ.

ಇದೇ ಶಿಕಾಗೋ ವರ್ಷಗಳಲ್ಲಿ ಹಸುವಿನ ಮೇವಿನ ಪಾಠ ಕೆಲಸಕ್ಕೆ ಬಂತು. ಕೆಲವರನ್ನು ಚಿಕಿತ್ಸೆಗೆ ಮುಂಚೆ 60 ದಿನ ಕಾಯಿಸಿ, ಚಿಕಿತ್ಸೆ ಪಡೆಯದ ಇನ್ನೊಂದು ಗುಂಪನ್ನೂ ಇಟ್ಟುಕೊಂಡು ಹೋಲಿಸಿದರು. ನಾನು ಹೇಗಿದ್ದೇನೆ, ಹೇಗಿರಲು ಬಯಸುತ್ತೇನೆ ಎಂಬುದನ್ನು ಕಾರ್ಡುಗಳನ್ನು ಜೋಡಿಸಿ ಹೇಳಬೇಕಿತ್ತು. ಚಿಕಿತ್ಸೆಯ ನಂತರ ಎರಡರ ನಡುವಿನ ಅಂತರ ಕಡಿಮೆಯಾಗಿತ್ತು. ಸುಮ್ಮನೆ ಕಾಯುವಾಗ ಹಾಗೆ ಆಗಿರಲಿಲ್ಲ. 1954ರಲ್ಲಿ ಬಂದ ಈ ವರದಿ ಇಂದಿನ ಅಳತೆಗೋಲಿನಲ್ಲಿ ಪರಿಪೂರ್ಣವಲ್ಲ, ಏಕೆಂದರೆ ಗುಂಪುಗಳನ್ನು ಚೀಟಿ ಎತ್ತಿದ ಹಾಗೆ ಹಂಚಿರಲಿಲ್ಲ. ಆದರೆ ಮಾತಿನ ಚಿಕಿತ್ಸೆಯನ್ನೂ ಅಳೆಯಬಹುದು ಎಂದು ತೋರಿಸಿಕೊಟ್ಟಿತು. 1956ರಲ್ಲಿ ಎಪಿಎ ಮೊದಲ ಬಾರಿಗೆ ವಿಜ್ಞಾನ ಸಾಧನೆಯ ಪ್ರಶಸ್ತಿ ಕೊಟ್ಟಾಗ ಪಡೆದ ಮೂವರಲ್ಲಿ ರೋಜರ್ಸ್ ಒಬ್ಬರು.

ಎಲ್ಲ ಪಂಥಗಳಿಗೂ ಒಂದೇ ಪ್ರಶ್ನೆ

1957ರಲ್ಲಿ ಅವರು ಕೆಲವೇ ಪುಟಗಳ ಒಂದು ಪ್ರಬಂಧ ಬರೆದರು. ಮನುಷ್ಯ ಬದಲಾಗಲು ಆರು ಸ್ಥಿತಿಗಳಿರಬೇಕು, ಅಷ್ಟಿದ್ದರೆ ಸಾಕು ಎಂಬುದು ಅದರ ವಾದ. ಅವುಗಳಲ್ಲಿ ಮೂರು ಚಿಕಿತ್ಸಕನಿಗೆ ಸೇರಿದವು. ಒಂದು, ಮುಖವಾಡವಿಲ್ಲದೆ ಪ್ರಾಮಾಣಿಕವಾಗಿರುವುದು. ಎರಡು, ಎದುರಿನವರನ್ನು ಷರತ್ತಿಲ್ಲದೆ ಗೌರವಿಸುವುದು. ಮೂರು, ಅವರ ಜಾಗದಲ್ಲಿ ನಿಂತು ಅರ್ಥ ಮಾಡಿಕೊಳ್ಳುವುದು, ಮತ್ತು ಅರ್ಥವಾಗಿದೆ ಎಂಬುದು ಅವರಿಗೆ ತಲುಪುವುದು.

ಇದು ತಮ್ಮ ಪಂಥಕ್ಕೆ ಮಾತ್ರ ಸೇರಿದ್ದು ಎಂದು ಅವರು ಹೇಳಲಿಲ್ಲ. ಯಾವ ಪಂಥದ ಚಿಕಿತ್ಸೆಯಲ್ಲಾದರೂ ಫಲ ಸಿಕ್ಕಿದರೆ ಅದಕ್ಕೆ ಇವೇ ಕಾರಣ, ತಂತ್ರಗಳು ಇವನ್ನು ತಲುಪಿಸುವ ದಾರಿಗಳಷ್ಟೇ ಎಂದರು. 1936ರಲ್ಲೇ ಸಾಲ್ ರೋಸೆನ್‌ಜ್ವೈಗ್ ಎಂಬ ಮನಶ್ಶಾಸ್ತ್ರಜ್ಞ, ಬೇರೆ ಬೇರೆ ಚಿಕಿತ್ಸೆಗಳು ಗೆಲ್ಲುವುದು ಅವುಗಳ ನಡುವಿನ ಸಮಾನ ಅಂಶಗಳಿಂದ ಇರಬಹುದು ಎಂದು ಬರೆದಿದ್ದರು. ರೋಜರ್ಸ್ ಆ ಊಹೆಯನ್ನು ಪರೀಕ್ಷಿಸಿ ನೋಡಬಹುದಾದ ವಾದವನ್ನಾಗಿ ಮಾಡಿದರು. ತಪ್ಪಿದ್ದರೆ ತಪ್ಪೆಂದು ತೋರಿಸಿ ಎಂಬ ಸವಾಲು ಅದರಲ್ಲೇ ಇತ್ತು.

ಮೊದಲ ಪೆಟ್ಟು ಅವರ ಕೈಯಿಂದಲೇ ಬಿತ್ತು. ಅದೇ ವರ್ಷ ವಿಸ್ಕಾನ್ಸಿನ್‌ಗೆ ಹೋಗಿ, ಸ್ಕಿಜೋಫ್ರೇನಿಯಾ ಇರುವವರ ಮೇಲೆ ಈ ಪದ್ಧತಿಯನ್ನು ಮೆಂಡೋಟಾ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷಿಸುವ ದೊಡ್ಡ ಅಧ್ಯಯನ ಕೈಗೊಂಡರು. ತಂಡದಲ್ಲಿ ಕಹಿ ಜಗಳಗಳಾದವು. 1967ರಲ್ಲಿ ವರದಿ ಬಂದಾಗ, ಚಿಕಿತ್ಸೆ ಪಡೆದ ಗುಂಪು ಪಡೆಯದ ಗುಂಪಿಗಿಂತ ಒಟ್ಟಾರೆ ಸ್ಪಷ್ಟವಾಗಿ ಮುಂದಿರಲಿಲ್ಲ. ಚಿಕಿತ್ಸಕರಿಂದ ಹೆಚ್ಚು ಸಹಾನುಭೂತಿ ಸಿಕ್ಕವರಲ್ಲಿ ಮಾತ್ರ ಸ್ವಲ್ಪ ಒಳ್ಳೆಯ ಲಕ್ಷಣಗಳು ಕಂಡವು. ತೀವ್ರ ಕಾಯಿಲೆಗೆ ಒಳ್ಳೆಯ ಸಂಬಂಧವೊಂದೇ ಸಾಲದು ಎಂದು ತೋರಿಸಿದ ಆ ಫಲಿತಾಂಶವನ್ನು ಅವರು ಪ್ರಕಟಿಸಿದರು.

ಮೂವರು ಚಿಕಿತ್ಸಕರು, ಒಂದು ಯಂತ್ರ

1960ರ ದಶಕದಲ್ಲಿ ಒಂದು ಶೈಕ್ಷಣಿಕ ಚಿತ್ರ ತಯಾರಾಯಿತು. ಒಬ್ಬರೇ ಮಹಿಳೆ ಮೂವರು ಪ್ರಸಿದ್ಧ ಚಿಕಿತ್ಸಕರ ಬಳಿ ಒಬ್ಬರಾದ ಮೇಲೆ ಒಬ್ಬರಂತೆ ಮಾತಾಡುತ್ತಾರೆ. ಮೊದಲು ರೋಜರ್ಸ್, ನಂತರ ಗೆಸ್ಟಾಲ್ಟ್ ಥೆರಪಿಯ ಫ್ರಿಟ್ಸ್ ಪರ್ಲ್ಸ್, ಕೊನೆಗೆ ತಪ್ಪು ಯೋಚನೆಗಳನ್ನು ವಾದ ಮಾಡಿ ತಿದ್ದುವ ಆಲ್ಬರ್ಟ್ ಎಲಿಸ್. ರೋಜರ್ಸ್ ಮೆತ್ತಗೆ ಕೇಳಿಸಿಕೊಳ್ಳುತ್ತಾರೆ, ಪರ್ಲ್ಸ್ ಕೆಣಕುತ್ತಾರೆ, ಎಲಿಸ್ ಪಾಠ ಮಾಡುತ್ತಾರೆ. ದಶಕಗಟ್ಟಲೆ ವಿದ್ಯಾರ್ಥಿಗಳು ಇದನ್ನು ಕ್ರಿಕೆಟ್ ಪಂದ್ಯದಂತೆ ನೋಡಿ, ಯಾರು ಗೆದ್ದರು ಎಂದು ಚರ್ಚಿಸಿದರು. ಆಕೆ ಮುಂದೆ ವರ್ಷಗಳ ಕಾಲ ರೋಜರ್ಸ್ ದಂಪತಿಗಳಿಗೆ ಪತ್ರ ಬರೆಯುತ್ತಿದ್ದರು.

1966ರಲ್ಲಿ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ಎಲಿಜಾ ಎಂಬ ಕಂಪ್ಯೂಟರ್ ಪ್ರೋಗ್ರಾಮ್ ಪ್ರಕಟಿಸಿದರು. ಅದರ ಒಂದು ಆವೃತ್ತಿ ರೋಜರ್ಸ್ ಮಾದರಿಯ ಚಿಕಿತ್ಸಕನಂತೆ ನಟಿಸುತ್ತಿತ್ತು. ನೀವು ಅಮ್ಮನ ಬಗ್ಗೆ ಟೈಪ್ ಮಾಡಿದರೆ, ನಿಮ್ಮ ಮನೆಯವರ ಬಗ್ಗೆ ಇನ್ನಷ್ಟು ಹೇಳಿ ಎನ್ನುತ್ತಿತ್ತು. ಅರ್ಥ ಗೊತ್ತಿಲ್ಲದೆ, ಪದಗಳನ್ನು ತಿರುಗಿಸಿ ಹಾಕುವ ಯಂತ್ರ ಅದು. ಆದರೂ ಜನ ಅದರ ಮುಂದೆ ಮನಸ್ಸು ಬಿಚ್ಚಿದರು. ಇದನ್ನು ಕಂಡು ದಿಗಿಲಾದ ವೈಜೆನ್‌ಬಾಮ್, ಯಂತ್ರಕ್ಕೆ ಇಂಥ ಕೆಲಸ ಒಪ್ಪಿಸಬಾರದೆಂದು ಪುಸ್ತಕವನ್ನೇ ಬರೆದರು. ಗಿಳಿಪಾಠದ ಜೋಕಿಗೆ ಇದರಿಂದ ಇನ್ನಷ್ಟು ಬಲ ಬಂತು. ರೋಜರ್ಸ್‌ಗೆ ಅದರ ಬಗ್ಗೆ ಬೇಸರವಿತ್ತು. ತಾನು ಮಾತನ್ನು ತಿರುಗಿಸಿ ಹೇಳುವುದು ನನಗೆ ಸರಿಯಾಗಿ ಅರ್ಥವಾಯಿತೇ ಎಂದು ಪರೀಕ್ಷಿಸಿಕೊಳ್ಳಲು, ಅದೊಂದು ಟ್ರಿಕ್ ಅಲ್ಲ ಎಂದು ಕೊನೆಗಾಲದಲ್ಲೂ ವಿವರಿಸಬೇಕಾಯಿತು.

ಬೆಸುಗೆಯೇ ಬೇರೆ, ಕಲಸುಮೇಲೋಗರವೇ ಬೇರೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಅರ್ಧ ಶತಮಾನದ ಸಂಶೋಧನೆಯ ನಂತರ ಚಿತ್ರ ಸುಮಾರಾಗಿ ಹೀಗಿದೆ. ಚಿಕಿತ್ಸಕ ಮತ್ತು ಕ್ಲೈಂಟ್ ನಡುವಿನ ಸಂಬಂಧ ಗಟ್ಟಿಯಿದ್ದಷ್ಟೂ ಫಲಿತಾಂಶ ಒಳ್ಳೆಯದಿರುವ ಸಾಧ್ಯತೆ ಹೆಚ್ಚು. ಯಾವ ಪಂಥವಾದರೂ ಇದು ಮತ್ತೆ ಮತ್ತೆ ಕಾಣುತ್ತದೆ. ಇಲ್ಲಿ ರೋಜರ್ಸ್ ಸರಿ. ಆದರೆ ಅದಷ್ಟೇ ಎಲ್ಲರಿಗೂ ಸಾಕು ಎಂಬ ಮಾತು ನಿಲ್ಲಲಿಲ್ಲ. ಮತ್ತೆ ಮತ್ತೆ ಕೈ ತೊಳೆಯುವಂಥ ಒಸಿಡಿ ತೊಂದರೆಗೆ, ಭಯ ಹುಟ್ಟಿಸುವ ಸಂದರ್ಭವನ್ನು ಹಂತಹಂತವಾಗಿ ಎದುರಿಸಿ, ಕೈ ತೊಳೆಯದೆ ತಡೆದುಕೊಳ್ಳುವ ಅಭ್ಯಾಸ ಬೇಕು. ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ಕಾಯಿಲೆಗಳಲ್ಲಿ ಔಷಧಿ ಚಿಕಿತ್ಸೆಯ ಮುಖ್ಯ ಭಾಗ.

ಹಾಗಾಗಿ ಬುದ್ಧಿವಂತರು ಎರಡನ್ನೂ ಬೆಸೆದರು. ಯೋಚನೆಗಳನ್ನು ತಿದ್ದುವ ಕಾಗ್ನಿಟಿವ್ ಥೆರಪಿಯ ಆ್ಯರನ್ ಬೆಕ್ ಮತ್ತು ಸಂಗಡಿಗರು 1979ರ ತಮ್ಮ ಪುಸ್ತಕದಲ್ಲಿ, ಚಿಕಿತ್ಸಕನಲ್ಲಿ ಆತ್ಮೀಯತೆ, ಸಹಾನುಭೂತಿ, ಪ್ರಾಮಾಣಿಕತೆ ಇರಲೇಬೇಕು, ಆದರೆ ಅಷ್ಟೇ ಸಾಲದು ಎಂದರು. ಕುಡಿತ ಬಿಡಿಸುವ ಕೆಲಸದಲ್ಲಿದ್ದ ವಿಲಿಯಂ ಮಿಲ್ಲರ್, ಬೈದು ಹೆದರಿಸುವ ಪದ್ಧತಿಯ ಬದಲು ರೋಜರ್ಸ್ ರೀತಿಯ ಕೇಳಿಸಿಕೊಳ್ಳುವಿಕೆಯನ್ನು ಬದಲಾವಣೆಯ ಸ್ಪಷ್ಟ ಗುರಿಯ ಜೊತೆ ಸೇರಿಸಿ, 1983ರಲ್ಲಿ ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ ಎಂಬ ವಿಧಾನ ಬರೆದರು. ಅದೇ 1983ರಲ್ಲಿ, ಪಂಥಗಳ ಗೋಡೆ ದಾಟಿ ಮಾತಾಡಬೇಕೆನ್ನುವ ಚಿಕಿತ್ಸಕರು ಸೇರಿ ಮನೋಚಿಕಿತ್ಸಾ ಸಮನ್ವಯಕ್ಕೆಂದೇ ಒಂದು ಅಂತರರಾಷ್ಟ್ರೀಯ ಸಂಘ ಕಟ್ಟಿದರು.

ಆದರೆ ಎಚ್ಚರ. ಬೆಸುಗೆ ಎಂದರೆ ಅದೊಂದಿಷ್ಟು ಇದೊಂದಿಷ್ಟು ಸೇರಿಸಿದ ಕಲಸುಮೇಲೋಗರವಲ್ಲ. ಈ ವ್ಯಕ್ತಿಗೆ, ಈ ತೊಂದರೆಗೆ, ಈ ಹಂತದಲ್ಲಿ ಈ ವಿಧಾನ ಯಾಕೆ ಎಂಬುದಕ್ಕೆ ಚಿಕಿತ್ಸಕನ ಬಳಿ ಕಾರಣ ಇರಬೇಕು. ಕೆಲಸ ಮಾಡುತ್ತಿದೆಯೇ ಎಂದು ಆಗಾಗ ಅಳೆಯಬೇಕು. ಮೊದಲು ಒಂದು ವಿಧಾನವನ್ನು ಆಳವಾಗಿ ಕಲಿತು ಆಮೇಲೆ ಬೇರೆಯದನ್ನು ಸೇರಿಸಬೇಕೇ, ಮೊದಲಿಂದಲೇ ಎಲ್ಲವನ್ನೂ ಒಟ್ಟಿಗೆ ಕಲಿಸಬೇಕೇ ಎಂಬ ಚರ್ಚೆ ತರಬೇತಿ ಕೊಡುವವರಲ್ಲಿ ಇಂದಿಗೂ ಇದೆ.

ಕೊನೆಯ ದಿನಗಳು

ಪದವಿ ತರಬೇತಿ ವಿದ್ಯಾರ್ಥಿಗಳನ್ನು ಹೆದರಿಸಿ ಅವರ ಸ್ವಂತಿಕೆಯನ್ನೇ ಕೊಲ್ಲುತ್ತಿದೆ ಎಂದು ಬೇಸತ್ತು, ರೋಜರ್ಸ್ ವಿಸ್ಕಾನ್ಸಿನ್ ಬಿಟ್ಟು ಕ್ಯಾಲಿಫೋರ್ನಿಯಾದ ಲಾ ಹೋಯಾ ಸೇರಿದರು. ಅವರು ನಡೆಸಿದ ಒಂದು ಗುಂಪು ಸಂವಾದದ ಚಿತ್ರಕ್ಕೆ ಸಾಕ್ಷ್ಯಚಿತ್ರ ವಿಭಾಗದ ಆಸ್ಕರ್ ಬಂತು. ಉತ್ತರ ಐರ್ಲೆಂಡ್‌ನ ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟೆಂಟರನ್ನು, ದಕ್ಷಿಣ ಆಫ್ರಿಕಾದ ಕಪ್ಪು ಮತ್ತು ಬಿಳಿ ಜನರನ್ನು ಒಂದೇ ಕೋಣೆಯಲ್ಲಿ ಕೂರಿಸಿ ಪರಸ್ಪರ ಕೇಳಿಸಿಕೊಳ್ಳುವಂತೆ ಮಾಡಲು ವೃದ್ಧಾಪ್ಯದಲ್ಲೂ ಓಡಾಡಿದರು. 1982ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಸಮೀಕ್ಷೆಯೊಂದರಲ್ಲಿ ಅತಿ ಪ್ರಭಾವಿ ಮನೋಚಿಕಿತ್ಸಕ ಯಾರೆಂದು ಕೇಳಿದಾಗ ಮೊದಲ ಸ್ಥಾನ ಅವರಿಗೆ ಬಂತು, ಫ್ರಾಯ್ಡ್‌ಗಿಂತ ಮೇಲೆ. 1987ರಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯ ನಂತರ ಹೃದಯ ನಿಂತು, ಫೆಬ್ರವರಿ 4ರಂದು ತೀರಿಕೊಂಡರು. ಆಗ ಅವರಿಗೆ 85 ವರ್ಷ.

ಹಾಗಾದರೆ ಆ ಮೂರು ಫಾರ್ವರ್ಡ್‌ಗಳು?

ಕೌನ್ಸೆಲಿಂಗ್ ಅಂದರೆ ಸಲಹೆ ಎಂಬುದು ತಪ್ಪು. ಮನೆಯ ಹಿರಿಯರ ಬುದ್ಧಿಮಾತಿಗೆ ಅದರದ್ದೇ ಬೆಲೆಯಿದೆ, ಆದರೆ ರಾಚೆಸ್ಟರ್‌ನ ಆ ತಾಯಿಗೆ ಬೇಕಾಗಿದ್ದು ಇನ್ನೊಂದು ಬುದ್ಧಿಮಾತಲ್ಲ.

ಕೌನ್ಸೆಲರ್ ಬರೀ ಕೇಳಿಸಿಕೊಳ್ಳುತ್ತಾರೆ ಎಂಬುದೂ ತಪ್ಪು. ಕೇಳಿಸಿಕೊಳ್ಳುವುದು ಅಡಿಪಾಯ. ಅದರ ಮೇಲೆ ಅಭ್ಯಾಸಗಳು, ಹೊಸ ಕೌಶಲಗಳು, ಬೇಕಾದರೆ ಮನೋವೈದ್ಯರ ಔಷಧಿ ಎಲ್ಲವೂ ಬರಬಹುದು. ಮಾತ್ರೆ ತೆಗೆದುಕೊಳ್ಳುತ್ತಿರುವವರು ಥೆರಪಿ ಶುರುವಾಯಿತೆಂದು ತಾವಾಗಿಯೇ ಮಾತ್ರೆ ನಿಲ್ಲಿಸಬಾರದು.

ಚಾಟ್‌ಬಾಟ್ ಕೌನ್ಸೆಲರ್‌ಗೆ ಸಮ ಎಂಬುದನ್ನು ನಂಬುವ ಮುನ್ನ ಎಲಿಜಾ ನೆನಪಿರಲಿ. ನಮಗೆ ಯಾರೋ ಅರ್ಥ ಮಾಡಿಕೊಂಡರು ಅನಿಸುವುದು ಬೇರೆ, ನಮ್ಮ ಒಳಿತಿನ ಹೊಣೆ ಹೊತ್ತ, ತರಬೇತಿ ಪಡೆದ ಒಬ್ಬ ಮನುಷ್ಯ ಎದುರಿಗಿರುವುದು ಬೇರೆ.

ಕೌನ್ಸೆಲರ್ ಬಳಿ ಹೋದಾಗ ಸಂಕೋಚವಿಲ್ಲದೆ ಕೇಳಿ: ನಿಮ್ಮ ತರಬೇತಿ ಏನು? ನನಗೆ ಈ ವಿಧಾನ ಯಾಕೆ? ಸುಧಾರಿಸುತ್ತಿದ್ದೇನೆಂದು ಹೇಗೆ ತಿಳಿಯುತ್ತದೆ? ಕೆಲವು ಭೇಟಿಗಳಾದರೂ ಎದುರಿನವರು ನಿಮ್ಮ ಮಾತು ಕೇಳುತ್ತಿಲ್ಲ ಅನಿಸಿದರೆ ಅದನ್ನೂ ಹೇಳಿ. ಬೇರೆಯವರನ್ನು ಹುಡುಕುವ ಹಕ್ಕು ನಿಮಗಿದೆ.

ನಿಮಗಾಗಲಿ ನಿಮ್ಮವರಿಗಾಗಲಿ ಮನಸ್ಸಿನ ಕಷ್ಟ ತಡೆಯಲಾಗದಷ್ಟಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲೂ ಮಾತಾಡಬಹುದು. ಮುಂದಿನ ಸಲ ಆ ಫಾರ್ವರ್ಡ್ ಗ್ರೂಪಿಗೆ ಬಂದಾಗ ಅದರ ಕೆಳಗೆ ಈ ನಂಬರನ್ನಾದರೂ ಹಾಕಿ. ಗ್ರೂಪಿನಲ್ಲಿ ಸುಮ್ಮನೆ ಓದುತ್ತಿರುವ ಯಾರಿಗೋ ಅದು ಬೇಕಾಗಿರಬಹುದು.